ಕೂಸಿನೊಡನೆ ಘಟ್ಟ ಇಳಿಯುವಾಗ

ಏಪ್ರಿಲ್ ತಿಂಗಳು ಬಂತೆಂದರೆ ಮಲೆನಾಡಿನ ತೋಟದ ಮನೆಗಳಲ್ಲಿ ಸ್ವಲ್ಪ ಬಿಡುವು ಕಾಣಿಸಿಕೊಳ್ಳುತ್ತದೆ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾಗಿರುತ್ತದೆ. ಹೂಮಳೆಯೂ ಹದವಾಗಿ ಬಿದ್ದಿದ್ದರೆ ಮನೆಯ ಯಜಮಾನರ ಮುಖದಲ್ಲೂ ಒಂದು ಗೆಲುವು ಇರುತ್ತದೆ. ಮಕ್ಕಳ ಪರೀಕ್ಷೆಗಳೂ ಮುಗಿದಿರುತ್ತವೆ. ಆಗ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ಮಕ್ಕಳ ಬಾಯಲ್ಲಿ ಬರುವ ಮೊದಲ ಮಾತು, "ಸಮುದ್ರಕ್ಕೆ ಹೋಗೋಣ" ಎಂಬುದು.

ಆದರೆ ಮನೆಯ ತೊಟ್ಟಿಲಲ್ಲಿ ನಾಲ್ಕೈದು ತಿಂಗಳ ಕೂಸೊಂದು ಇದ್ದರೆ? ಅಜ್ಜಿ ಕೂಡಲೇ ತಡೆಯುತ್ತಾರೆ: "ಹಸುಗೂಸು ಎತ್ಕೊಂಡು ಈ ಬಿಸಿಲಲ್ಲಿ ಘಟ್ಟ ಇಳಿಯೋದಾ?" ಅಪ್ಪನದು ಇನ್ನೊಂದು ವಾದ: "ಈಗ ಜನ ವಿಮಾನದಲ್ಲಿ ಮಾಲ್ಡೀವ್ಸಿಗೇ ಕರ್ಕೊಂಡು ಹೋಗ್ತಾರೆ, ಮಲ್ಪೆಗೆ ಹೋದರೆ ಏನಾಗುತ್ತೆ?" ಬಹಳ ಮನೆಗಳಲ್ಲಿ ಈ ಚರ್ಚೆ ಒಂದೇ ರೀತಿ ಮುಗಿಯುತ್ತದೆ. ಅಪ್ಪ ದೊಡ್ಡ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ, ಅಮ್ಮ ಮತ್ತು ಕೂಸು ಮನೆಯಲ್ಲಿ ಉಳಿಯುತ್ತಾರೆ. ಬಾಣಂತನದ ಕೋಣೆಯಿಂದ ಈಚೆಗಷ್ಟೇ ಹೊರಬಂದ ಆ ತಾಯಿಗೆ ಗಾಳಿ ಬದಲಾವಣೆ ಎಲ್ಲರಿಗಿಂತ ಹೆಚ್ಚು ಬೇಕಿತ್ತು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಘಟ್ಟ ದಾಟುವುದು ಕೂಸುಗಳಿಗೆ ಹೊಸತೂ ಅಲ್ಲ. ಘಟ್ಟದ ಮೇಲಿನ ಮನೆಗಳಿಗೂ ಕೆಳಗಿನ ಮನೆಗಳಿಗೂ ತಲೆತಲಾಂತರದಿಂದ ಕೊಟ್ಟು ತರುವ ಸಂಬಂಧ ಇದೆ. ಬೆಳ್ತಂಗಡಿ, ಕಾರ್ಕಳದ ತವರಿನಲ್ಲಿ ಹುಟ್ಟಿ, ಬಾಣಂತನ ಮುಗಿದ ಮೇಲೆ ತಾಯಿಯ ಮಡಿಲಲ್ಲಿ ಘಟ್ಟ ಹತ್ತಿ ಬಂದವರು ಕಳಸ, ಮೂಡಿಗೆರೆ ಸೀಮೆಯಲ್ಲಿ ಎಷ್ಟೋ ಮಂದಿ ಇದ್ದಾರೆ. ಹಾಗಾಗಿ ಯೋಚಿಸಬೇಕಾದದ್ದು ಕೂಸನ್ನು ಹೇಗೆ, ಯಾವ ಹೊತ್ತಿನಲ್ಲಿ, ಯಾರ ಅನುಕೂಲ ನೋಡಿಕೊಂಡು ಒಯ್ಯುತ್ತೇವೆ ಎಂಬುದನ್ನು.

ಮೊದಲೇ ಒಂದು ಮಾತು ಒಪ್ಪಿಕೊಳ್ಳುವುದು ಒಳ್ಳೆಯದು. ಸಮುದ್ರ ನೋಡುವ ಆಸೆ ಕೂಸಿನದಲ್ಲ. ದೊಡ್ಡವರಾದ ಮೇಲೆ ಬಹುತೇಕರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ನೆನಪು ಉಳಿಯುವುದೇ ಇಲ್ಲ. ಪ್ರವಾಸ ನಡೆಯುವುದು ಅಮ್ಮ, ಅಪ್ಪ, ಅಕ್ಕ, ಅಣ್ಣಂದಿರ ಸಂತೋಷಕ್ಕಾಗಿ. ಅದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಸಂತೋಷದ ಬೆಲೆಯನ್ನು ಕೂಸು ತೆರುವಂತಾಗಬಾರದು. ಉಳಿದ ಎಚ್ಚರಗಳೆಲ್ಲ ಈ ಮಾತಿನಿಂದಲೇ ಹುಟ್ಟುತ್ತವೆ.

ಕಿವಿಯೊಳಗಿನ ಸಣ್ಣ ಕೊಳವೆ

ಚಾರ್ಮಾಡಿ ಘಟ್ಟದಲ್ಲಿ ಕೊಟ್ಟಿಗೆಹಾರದಿಂದ ಕೆಳಗೆ ಇಳಿಯುವಾಗ ಕಿವಿ "ಗುಂಯ್" ಎಂದು ಕಟ್ಟಿದಂತಾಗುವುದು ಎಲ್ಲರಿಗೂ ಗೊತ್ತು. ಕಾರಣ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಗಾಳಿಯ ಭಾರ ಸುಮಾರು 1 ಕಿಲೋ. ಮೂಡಿಗೆರೆಯ ಎತ್ತರದಲ್ಲಿ ಅದು ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಘಟ್ಟದ ಬುಡಕ್ಕೆ ಬರುವಷ್ಟರಲ್ಲಿ ಏಳೆಂಟು ನೂರು ಮೀಟರ್ ಇಳಿದಿರುತ್ತೇವೆ. ಹೊರಗಿನ ಗಾಳಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತತೊಡಗುತ್ತದೆ.

ವಿದ್ಯಾರ್ಥಿಗಳು ಇದನ್ನು ಕಣ್ಣಾರೆ ನೋಡಬಹುದು. ಕೊಟ್ಟಿಗೆಹಾರದಲ್ಲಿ ತೆಳುವಾದ ಪ್ಲಾಸ್ಟಿಕ್ ನೀರಿನ ಬಾಟಲಿಯೊಂದನ್ನು ಪೂರ್ತಿ ಖಾಲಿ ಮಾಡಿ ಮುಚ್ಚಳ ಬಿಗಿಯಾಗಿ ಹಾಕಿ. ಉಜಿರೆ ತಲುಪುವ ಹೊತ್ತಿಗೆ ಅದರ ಪಕ್ಕೆ ಒಳಕ್ಕೆ ನುಗ್ಗಿರುತ್ತದೆ. ಮೇಲಿನ ತೆಳುಗಾಳಿಯನ್ನು ತುಂಬಿಕೊಂಡ ಬಾಟಲಿಯನ್ನು ಕೆಳಗಿನ ದಟ್ಟ ಗಾಳಿ ಅಮುಕಿರುತ್ತದೆ. ಕಿವಿಯಲ್ಲಿ ಆಗುವುದೂ ಇದೇ.

ಬಾಟಲಿಯ ಮುಚ್ಚಳ ತೆರೆದರೆ ಅದು ಸರಿಹೋಗುತ್ತದೆ. ಕಿವಿಗೂ ಅಂಥ ಒಂದು ದಾರಿ ಇದೆ. ನಡುಗಿವಿಯಿಂದ ಗಂಟಲಿನ ಹಿಂಭಾಗಕ್ಕೆ ಯೂಸ್ಟೇಷಿಯನ್ ನಾಳ ಎಂಬ ಸಣ್ಣ ಕೊಳವೆ ಇದೆ. ಎಂಜಲು ನುಂಗಿದಾಗ, ಆಕಳಿಸಿದಾಗ ಅದು ಕ್ಷಣಕಾಲ ತೆರೆದುಕೊಂಡು ಒಳಗಿನ ಒತ್ತಡವನ್ನು ಸರಿದೂಗಿಸುತ್ತದೆ. ದೊಡ್ಡವರು ಬೇಕೆಂದೇ ನುಂಗಬಲ್ಲರು. ಕೂಸಿಗೆ ಅದು ತಿಳಿಯದು. ಅದರ ನಾಳವೂ ಗಿಡ್ಡ, ಕಿರಿದು. ಅದಕ್ಕೆ ಗೊತ್ತಿರುವುದು ಅಳುವುದೊಂದೇ. ಅಂಥ ಹೊತ್ತಿನಲ್ಲಿ ಹಾಲು ಕುಡಿಯುತ್ತಿದ್ದರೆ ಪ್ರತಿ ಗುಟುಕಿಗೂ ನಾಳ ತೆರೆಯುತ್ತದೆ.

ಆದರೆ ತಿರುವುಗಳಲ್ಲಿ ವಾಲಾಡುವ ವಾಹನದಲ್ಲಿ ಹಾಲೂಡಿಸುವುದು ಸಲ್ಲದು. ಕೂಸಿಗೆ ಹಾಲು ಗಂಟಲಿಗೆ ಸಿಕ್ಕಿಕೊಳ್ಳಬಹುದು, ಒಮ್ಮೆಲೇ ಬ್ರೇಕ್ ಹಾಕಿದರೆ ಪೆಟ್ಟಾಗಬಹುದು. ಹಾಗಾಗಿ ಘಟ್ಟಕ್ಕೆ ಮೊದಲು ಕೊಟ್ಟಿಗೆಹಾರದಲ್ಲಿ ಒಮ್ಮೆ ನಿಲ್ಲಿಸಿ, ಘಟ್ಟದ ನಡುವೆ ವಾಹನ ನಿಲ್ಲಿಸಲು ಅಗಲ ಜಾಗ ಇರುವಲ್ಲಿ ಇನ್ನೊಮ್ಮೆ ನಿಲ್ಲಿಸಿ, ಅಳುತ್ತಿದ್ದರೆ ಹಾಲು ಕುಡಿಸಿ ಮುಂದೆ ಸಾಗುವುದು ಕ್ಷೇಮ. ಮಂಜು ಕವಿದ ತಿರುವಿನಲ್ಲಿ ಮಾತ್ರ ನಿಲ್ಲಬೇಡಿ. ಕಳಸದಿಂದ ಕುದುರೆಮುಖ, ಎಸ್.ಕೆ. ಬಾರ್ಡರ್ ದಾಟಿ ಮಾಳ, ಬಜಗೋಳಿಗೆ ಇಳಿಯುವವರಿಗೆ ರಾಷ್ಟ್ರೀಯ ಉದ್ಯಾನದೊಳಗೆ ಬೇಕೆಂದಲ್ಲಿ ನಿಲ್ಲಿಸುವ ಅವಕಾಶವಿಲ್ಲ. ಅವರು ಚೆಕ್‌ಪೋಸ್ಟ್ ದಾಟುವ ಮೊದಲೇ ಹೊಟ್ಟೆ ತುಂಬಿಸಬೇಕು. ಕೂಸು ಹಾಯಾಗಿ ಮಲಗಿದ್ದರೆ ಕಿವಿಗೆಂದು ಎಬ್ಬಿಸಬೇಕಾಗಿಲ್ಲ. ಆದರೆ ಜೋರು ನೆಗಡಿಯಿದ್ದರೆ ಆ ನಾಳವೇ ಕಟ್ಟಿರುತ್ತದೆ. ಕಿವಿ ಸೋರುತ್ತಿದ್ದರೂ ಅಷ್ಟೆ, ಪ್ರಯಾಣವನ್ನು ಮುಂದೂಡುವುದೇ ಲೇಸು.

ಘಟ್ಟದಲ್ಲಿ ವಾಂತಿಯ ಭಯ ಕೂಸಿನ ಮಟ್ಟಿಗೆ ಅಷ್ಟಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಕಡಿಮೆ. ಅದು ಹೆಚ್ಚು ಕಾಡುವುದು ಎರಡರಿಂದ ಹನ್ನೆರಡು ವರ್ಷದವರನ್ನು. ಎಂದರೆ, ಚೀಲದಲ್ಲಿ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಬೇಕಾಗುವುದು ತೊಟ್ಟಿಲ ಕೂಸಿಗಲ್ಲ, ಮೊಬೈಲು ನೋಡುತ್ತ ಕುಳಿತ ಅಣ್ಣನಿಗೆ! ಅವನು ಮೊಬೈಲು ಬದಿಗಿಟ್ಟು ದೂರದ ಬೆಟ್ಟದ ಸಾಲನ್ನು ನೋಡುತ್ತ ಕುಳಿತರೆ ಅರ್ಧ ತೊಂದರೆ ತಪ್ಪುತ್ತದೆ.

ಅಮ್ಮನ ಮಡಿಲು ಎಷ್ಟು ಭದ್ರ?

ಕಾರಿನ ಮುಂದಿನ ಸೀಟಿನಲ್ಲಿ ಅಮ್ಮ, ಅವರ ಮಡಿಲಲ್ಲಿ ಕೂಸು. ಇದು ನಮ್ಮ ರಸ್ತೆಗಳಲ್ಲಿ ದಿನವೂ ಕಾಣುವ ಚಿತ್ರ. ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಕೂಸಿನ ತೂಕ 6 ಕಿಲೋ, ಕಾರಿನ ವೇಗ ಗಂಟೆಗೆ 40 ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಎದುರಿನ ವಾಹನಕ್ಕೆ ಬಡಿದು ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತೆನ್ನಿ. ಆ ಕ್ಷಣದಲ್ಲಿ ಕೂಸನ್ನು ಹಿಡಿದು ನಿಲ್ಲಿಸಲು ಬೇಕಾಗುವ ಬಲ 660 ನ್ಯೂಟನ್. ಅದು 67 ಕಿಲೋ ಭಾರವನ್ನು ಎತ್ತಿ ಹಿಡಿದಂತೆ. ಐವತ್ತು ಕಿಲೋದ ಕಾಫಿ ಮೂಟೆಯನ್ನೂ ಮೀರಿದ ಭಾರ! ಎಷ್ಟೇ ಗಟ್ಟಿ ತೋಳಾದರೂ ಅಷ್ಟನ್ನು ತಡೆಯಲಾರದು. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ಬಿಚ್ಚಿಕೊಂಡರೆ ಅದರ ಹೊಡೆತ ಬೇರೆ.

ಆದ್ದರಿಂದ ಕಾರಿನಲ್ಲಿ ಕೂಸಿನ ಜಾಗ ಹಿಂದಿನ ಸೀಟು, ಅಲ್ಲಿಯೂ ಹಿಮ್ಮುಖವಾಗಿ ಕಟ್ಟಿದ ಮಕ್ಕಳ ಆಸನ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಕಡ್ಡಾಯ. ತಪ್ಪಿದರೆ ಸಾವಿರ ರೂಪಾಯಿ ದಂಡ. ಆಸನ ಇದೆಯೆಂದು ಕೂಸನ್ನು ಗಂಟೆಗಟ್ಟಲೆ ಅದರಲ್ಲೇ ಬಿಡಬಾರದು. ಎರಡು ಗಂಟೆಗೊಮ್ಮೆಯಾದರೂ ಎತ್ತಿಕೊಂಡು, ಬೆನ್ನು ನೇರವಾಗುವಂತೆ ಸ್ವಲ್ಪ ಹೊತ್ತು ಮಲಗಿಸಬೇಕು. ಮೂಡಿಗೆರೆಯಿಂದ ಮಂಗಳೂರಿಗೆ ಮೂರೂವರೆ ಗಂಟೆ ಎಂದು ಲೆಕ್ಕ ಹಾಕುವವರು, ಕೂಸು ಜೊತೆಗಿದ್ದರೆ ಐದು ಗಂಟೆ ಎಂದು ಹಾಕಿಕೊಳ್ಳಿ.

ಬಸ್ಸಿನಲ್ಲಿ ಹೋಗುವವರಿಗೆ ಈ ಆಸನದ ಅನುಕೂಲ ಇಲ್ಲ. ಅವರು ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟು ನಡುವಿನ ಸೀಟು ಹಿಡಿಯಬೇಕು; ಕುಲುಕಾಟ ಅಲ್ಲಿ ಕಡಿಮೆ. ಕೂಸನ್ನು ಬಟ್ಟೆಯ ಜೋಲಿಯಲ್ಲಿ ಎದೆಗೆ ಕಟ್ಟಿಕೊಂಡರೆ ಅಮ್ಮನ ಒಂದು ಕೈ ಕಂಬಿ ಹಿಡಿಯಲು ಬಿಡುವಾಗುತ್ತದೆ. ಮೂಗು ಬಾಯಿ ಮಾತ್ರ ಬಟ್ಟೆಯಲ್ಲಿ ಮುಚ್ಚಿಹೋಗದಂತೆ ಆಗಾಗ ನೋಡಬೇಕು.

ಎಳನೀರು ಯಾರಿಗೆ?

ಘಟ್ಟ ಇಳಿದೊಡನೆ ಮೈಗೆ ತಾಗುವುದು ಸೆಕೆ. ಮಲೆನಾಡಿನಲ್ಲಿ ಏಪ್ರಿಲಿನ ಮಧ್ಯಾಹ್ನ ಬಿಸಿಲಿದ್ದರೂ ರಾತ್ರಿ ತಂಪಾಗುತ್ತದೆ. ಕರಾವಳಿಯಲ್ಲಿ ರಾತ್ರಿಯೂ ಸೆಕೆ ಬಿಡುವುದಿಲ್ಲ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಂಪಾಗುವುದಿಲ್ಲ. ಕೂಸಿಗೆ ಇದು ಇನ್ನೂ ಕಷ್ಟ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚು, ಬೆವರುವ ಶಕ್ತಿ ಕಡಿಮೆ. ಬಿಸಿ ಬೇಗ ಏರುತ್ತದೆ, ನೀರು ಬೇಗ ಆರುತ್ತದೆ.

ಇಲ್ಲಿ ಮಲೆನಾಡಿನ ತಾಯಂದಿರ ಪ್ರೀತಿಯೇ ಒಮ್ಮೊಮ್ಮೆ ತೊಂದರೆಯಾಗುವುದುಂಟು. ಬೆಳಗಿನ ಚಳಿಗೆಂದು ತೊಡಿಸಿದ ಉಣ್ಣೆಯ ಕುಲಾವಿ, ಸ್ವೆಟರ್, ಕಾಲುಚೀಲ ಬೆಳ್ತಂಗಡಿ ದಾಟಿದರೂ ಮೈಮೇಲೆಯೇ ಇರುತ್ತವೆ. "ಗಾಳಿ ತಾಗುತ್ತೆ" ಎಂಬ ಭಯ ಇನ್ನೂ ಹೋಗಿರುವುದಿಲ್ಲ. ಘಟ್ಟ ಇಳಿಯುತ್ತಿದ್ದಂತೆ ಒಂದೊಂದಾಗಿ ಕಳಚಿ, ಕೊನೆಗೆ ಹಳೆಯ ಹತ್ತಿಯ ಅಂಗಿಯೊಂದೇ ಉಳಿಯಬೇಕು. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬಿಸಿಯಾಗಿ ಬೆವರಿದ್ದರೆ ಬಟ್ಟೆ ಹೆಚ್ಚಾಯಿತೆಂದು ಅರ್ಥ. ನಿಲ್ಲಿಸಿದ ಕಾರಿನೊಳಗೆ ಕೂಸನ್ನು ಐದು ನಿಮಿಷವೂ ಬಿಡಬಾರದು. ಗಾಜು ಇಳಿಸಿದ್ದರೂ ಅಷ್ಟೆ, ಮಲಗಿದೆಯೆಂದರೂ ಅಷ್ಟೆ.

ಇನ್ನು ಬಾಯಾರಿಕೆ. ಆರು ತಿಂಗಳು ತುಂಬುವ ತನಕ ಕೂಸಿಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೇಸಗೆಯಲ್ಲಿ ನೀರು ಕೂಡ ಬೇಡ. ಅಜ್ಜಿಯಂದಿರಿಗೆ ಈ ಮಾತು ಒಪ್ಪಿಗೆಯಾಗುವುದು ಕಷ್ಟ. ಒಳಲೆಯಲ್ಲಿ ಎರಡು ಗುಟುಕು ನೀರು ಕುಡಿಸದಿದ್ದರೆ ಅವರ ಮನಸ್ಸು ನಿಲ್ಲುವುದಿಲ್ಲ. ಆದರೆ ತಾಯಿಯ ಹಾಲಿನಲ್ಲಿ ಬಹುಪಾಲು ಇರುವುದು ನೀರೇ, ಅದೂ ಶುದ್ಧ ನೀರು. ಊರೂರಿನ ನೀರು ಕುಡಿಸಿದರೆ ಹೊಟ್ಟೆ ಕೆಡುವ ಅಪಾಯ ಬೇರೆ. ದಾರಿಬದಿಯಲ್ಲಿ ಸಿಗುವ ಎಳನೀರನ್ನು, ಕರಾವಳಿಯವರ ಮಾತಿನಲ್ಲಿ ಬೊಂಡವನ್ನು, ಧಾರಾಳವಾಗಿ ಅಮ್ಮನಿಗೆ ಕೊಡಿಸಿ. ಅಮ್ಮ ಕುಡಿಯಲಿ, ಕೂಸಿಗೆ ಆಗಾಗ ಎದೆಹಾಲು ಕೊಡಲಿ. ಪೇಟೆಯ ನಡುವೆ ಹಾಲೂಡಿಸಲು ಆಕೆಗೆ ಸಂಕೋಚವಾದರೆ ಮರೆಯಾಗಿ ನಿಲ್ಲುವುದು, ಜಾಗ ಹುಡುಕಿಕೊಡುವುದು ಜೊತೆಯಲ್ಲಿರುವ ಗಂಡಸರ ಕೆಲಸ. ಬಾಟಲಿ ಹಾಲಿನ ಕೂಸಾದರೆ ಬಾಟಲಿ, ನಿಪ್ಪಲ್‌ಗಳನ್ನು ಕುದಿಸುವ ವ್ಯವಸ್ಥೆ ಇಲ್ಲದ ಕಡೆ ತಂಗುವುದು ಬೇಡ.

ಕೂಸಿಗೆ ನೀರು ಸಾಕಾಗಿದೆಯೇ ಎಂದು ತಿಳಿಯುವ ಬಗೆ ಸುಲಭ. ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಒದ್ದೆಯಾಗಬೇಕು. ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಬಾಯಿ ಒಣಗಿದ್ದರೆ, ನೆತ್ತಿ ಒಳಕ್ಕೆ ಹೋಗಿದ್ದರೆ, ಹಾಲು ಕುಡಿಯದೆ ಮಂಕಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಭೇದಿಯಾದರೆ ಎದೆಹಾಲಿನ ಜೊತೆಗೆ ಓಆರ್‌ಎಸ್ ಕೊಡಬೇಕಾಗುತ್ತದೆ. ಎಷ್ಟೆಂಬುದನ್ನು ವೈದ್ಯರು ಹೇಳುತ್ತಾರೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರಿನಿಂದಲೇ ಸಾವಿರಾರು ಜೀವ ಉಳಿಸಿದರು. ಅದರ ಶಕ್ತಿ ಇರುವುದು ಸರಿಯಾದ ಅಳತೆಯಲ್ಲಿ. ಅಂಗಡಿಯಲ್ಲಿ ಅದೇ ಹೆಸರು ಹೊತ್ತು ಬರುತ್ತಿದ್ದ ಸಿಹಿ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿತು. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯ ಪೊಟ್ಟಣವನ್ನೇ ಔಷಧಿ ಅಂಗಡಿಯಿಂದ ಕೊಂಡು ಚೀಲದಲ್ಲಿಡಿ. ಪೊಟ್ಟಣದ ಮೇಲೆ ಬರೆದಷ್ಟೇ ಅಳತೆಯ, ಕುದಿಸಿ ಆರಿಸಿದ ನೀರಿನಲ್ಲಿ ಕಲಸಬೇಕು.

ನೆರಳು ಹೇಳುವ ಹೊತ್ತು

ಮಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಬೇಸಗೆ ರಜೆಯ ಪ್ರವಾಸ ಸರಿಯಾಗಿ ಈ ದಿನಗಳಲ್ಲೇ ಬೀಳುತ್ತದೆ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲಿನ ಅತಿನೇರಳೆ ಕಿರಣ ತೀವ್ರವಾಗಿದೆ ಎಂದು ತಿಳಿಯಿರಿ. ಕೂಸನ್ನು ಕಡಲ ದಂಡೆಗೆ ಒಯ್ಯಬೇಕಾದದ್ದು ನೆರಳು ಉದ್ದವಾಗಿರುವಾಗ, ಎಂದರೆ ಬೆಳಿಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ.

ಕೊಡೆ ಹಿಡಿದರೆ ಸಾಕೆಂದುಕೊಳ್ಳಬೇಡಿ. ಮರಳು ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದ ಸುಮಾರು 15 ಪಾಲನ್ನು, ಅಲೆಯ ನೊರೆ ಸುಮಾರು 25 ಪಾಲನ್ನು ನೂರರಲ್ಲಿ ಹಿಂದಕ್ಕೆ ಎಸೆಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಬಿಸಿಲಿನ ಕ್ರೀಮು ಹಚ್ಚುವ ವಾಡಿಕೆ ಬೇಡ. ಗಾಳಿಮರದ ಅಥವಾ ತೆಂಗಿನ ತೋಪಿನ ದಟ್ಟ ನೆರಳು, ಕೈಕಾಲು ಮುಚ್ಚುವ ತೆಳು ಹತ್ತಿಬಟ್ಟೆ, ಅಂಚುಳ್ಳ ಟೊಪ್ಪಿ ಸಾಕು. ತೆಂಗಿನ ಮರದ ನೇರ ಕೆಳಗೆ ಮಾತ್ರ ಮಲಗಿಸಬೇಡಿ, ಕಾರಣ ಹೇಳಬೇಕಾಗಿಲ್ಲ.

ಪಣಂಬೂರು, ಮಲ್ಪೆ, ಪಡುಬಿದ್ರಿ, ಮರವಂತೆ, ಯಾವ ದಂಡೆಯಾದರೂ ಸರಿ, ಕೂಸನ್ನು ಅಲೆಗೆ ಇಳಿಸುವುದು ಬೇಡ. ಫೋಟೋಕ್ಕೆಂದು ಪಾದ ನೆನೆಸುವಾಗಲೇ ಅಲೆ ಅಮ್ಮನ ಕಾಲಡಿಯ ಮರಳನ್ನು ಎಳೆದೊಯ್ಯುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತುವ ಆಸೆಯಿದ್ದರೆ ಕೂಸಿನೊಡನೆ ಒಬ್ಬರು ದಡದಲ್ಲಿ ಉಳಿಯಲಿ. ದೊಡ್ಡವರ ಲೈಫ್ ಜಾಕೆಟ್ ಕೂಸಿಗೆ ಆಗುವುದಿಲ್ಲ. ದಡದಲ್ಲಿ ಉಳಿಯುವವರು ಪ್ರತಿಸಲವೂ ಅಮ್ಮನೇ ಆಗಬೇಕೆಂದೇನೂ ಇಲ್ಲ.

ಸಂಜೆಯಾಗುತ್ತಿದ್ದಂತೆ ಸೊಳ್ಳೆ. ಮಂಗಳೂರು ದಶಕಗಳ ಕಾಲ ಮಲೇರಿಯಾದೊಡನೆ ಹೋರಾಡಿದ ನಗರ. ಈಚಿನ ವರ್ಷಗಳಲ್ಲಿ ಅದು ಬಹಳ ಇಳಿದಿದೆ. ಮಲೇರಿಯಾ ಹರಡುವ ಸೊಳ್ಳೆ ಕಚ್ಚುವುದು ರಾತ್ರಿ, ಡೆಂಗಿ ಸೊಳ್ಳೆ ಕಚ್ಚುವುದು ಹಗಲು. ಆದ್ದರಿಂದ ಕೂಸು ಹಗಲು ಮಲಗಿದರೂ ಪರದೆ ಬೇಕು. ಕೊಡೆಯಂತೆ ಬಿಚ್ಚುವ ಮಕ್ಕಳ ಪರದೆ ಚೀಲದಲ್ಲಿ ಮೊದಲು ಸೇರಲಿ. ಊರಿಗೆ ಬಂದ ಮೇಲೆ ಕೆಲವು ವಾರಗಳೊಳಗೆ ಜ್ವರ ಬಂದರೆ, ಕರಾವಳಿಗೆ ಹೋಗಿದ್ದೆವು ಎಂದು ವೈದ್ಯರಿಗೆ ಹೇಳಲು ಮರೆಯಬಾರದು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಮುಳ್ಳಯ್ಯನಗಿರಿಯ ಎತ್ತರದ ವಿಮಾನ

ಈಗ ತೋಟದ ಮನೆಗಳವರೂ ಅಂಡಮಾನ್, ಮಾಲ್ಡೀವ್ಸ್, ಥಾಯ್ಲೆಂಡ್ ಎಂದು ದೂರದ ಕಡಲುಗಳಿಗೆ ಹೊರಡುತ್ತಾರೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟೇ ಇರುತ್ತದೆ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಅಂದರೆ ವಿಮಾನದಲ್ಲಿ ಕುಳಿತವರು ಒಂದು ಬಗೆಯಲ್ಲಿ ಮುಳ್ಳಯ್ಯನಗಿರಿಯ ತುದಿಯಲ್ಲೇ ಕುಳಿತಿರುತ್ತಾರೆ, ಮತ್ತು ಅಲ್ಲಿಂದ ಅರ್ಧ ಗಂಟೆಯೊಳಗೆ ಸಮುದ್ರಮಟ್ಟಕ್ಕೆ ಇಳಿಯುತ್ತಾರೆ. ಚಾರ್ಮಾಡಿಯ ಎರಡು ಮೂರು ಪಟ್ಟು ಇಳಿತ ಅದು. ಹಾಲು ಕುಡಿಸಬೇಕಾದದ್ದು ವಿಮಾನ ಇಳಿಯತೊಡಗಿದಾಗ. ಚಕ್ರ ನೆಲಕ್ಕೆ ತಾಗುವ ತನಕ ಕಾಯಬಾರದು.

ವಿದೇಶವಾದರೆ ಕೂಸಿಗೂ ಅದರದೇ ಪಾಸ್‌ಪೋರ್ಟ್ ಬೇಕು. ಗಡಿಯಾರದ ವ್ಯತ್ಯಾಸ ಈ ಊರುಗಳಲ್ಲಿ ದೊಡ್ಡದಲ್ಲ. ಮಾಲ್ಡೀವ್ಸ್‌ಗೆ ಅರ್ಧ ಗಂಟೆ, ಥಾಯ್ಲೆಂಡಿಗೆ ಒಂದೂವರೆ ಗಂಟೆ. ಯೋಚಿಸಬೇಕಾದದ್ದು ಬೇರೆ. ಮಾಲ್ಡೀವ್ಸ್‌ನ ಸಣ್ಣ ದ್ವೀಪದಲ್ಲಿ ನಡುರಾತ್ರಿ ಕೂಸಿಗೆ ಜ್ವರ ಬಂದರೆ ದೊಡ್ಡ ಆಸ್ಪತ್ರೆಗೆ ದೋಣಿಯಲ್ಲೇ ಹೋಗಬೇಕು. ಮಲ್ಪೆಯಲ್ಲಿ ತಂಗಿದವರಿಗೆ ಮಣಿಪಾಲ ಅರ್ಧ ಗಂಟೆಯ ದಾರಿ. ಕೂಸಿಗೆ ಎರಡೂ ಕಡಲು ಒಂದೇ. ದೂರದ ಕಡಲಿಗೆ ಅದು ನಡೆಯಲು ಕಲಿಯುವ ತನಕ ಕಾದರೆ ನಷ್ಟವೇನಿಲ್ಲ.

ಹೊರಡುವ ಮುನ್ನ

ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಿರುವ, ಜ್ವರ ಭೇದಿಯಿರುವ ಕೂಸನ್ನು ವೈದ್ಯರನ್ನು ಕೇಳದೆ ಒಯ್ಯಬಾರದು. ಆರು, ಹತ್ತು ಮತ್ತು ಹದಿನಾಲ್ಕನೇ ವಾರದ ಲಸಿಕೆಗಳು ಮುಗಿದ ಮೇಲೆ ಹೊರಡುವುದು ಒಳ್ಳೆಯದು. ಚುಚ್ಚುಮದ್ದಿನ ಮರುದಿನವೇ ಹೊರಡಬೇಡಿ. ಒಂದೆರಡು ದಿನ ಜ್ವರ ಬರುವುದುಂಟು. ತಾಯಿ ಕಾರ್ಡ್ ಜೊತೆಗಿರಲಿ. ಘಟ್ಟದ ಹಲವೆಡೆ ಮೊಬೈಲು ಸಿಗ್ನಲ್ ಸಿಗದೆ 108ಕ್ಕೆ ಕರೆ ಹೋಗದಿರಬಹುದು. ಹಾಗಾಗಿ ಹೊರಡುವಾಗಲೇ ಕೂಸು ಗೆಲುವಾಗಿದೆಯೇ ನೋಡಿ. ಮಳೆಗಾಲದಲ್ಲಿ ಈ ಮಾತೇ ಬೇಡ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದು ಈ ಸೀಮೆಯವರಿಗೆ ನೆನಪಿದೆ. ಆ ತಿಂಗಳುಗಳಲ್ಲಿ ಕಡಲಿಗೂ ಯಾರೂ ಇಳಿಯುವಂತಿಲ್ಲ.

ರಜೆಯಲ್ಲಿರುವ ಅಕ್ಕ ಅಣ್ಣಂದಿರಿಗೂ ಇಲ್ಲಿ ಕೆಲಸವಿದೆ. ಒದ್ದೆಯಾದ ಬಟ್ಟೆಯ ಲೆಕ್ಕ ಬರೆದಿಡುವುದು, ಹಾಲು ಕುಡಿದ ಹೊತ್ತು ನೋಡುವುದು, ನೆರಳಿನ ಉದ್ದ ಅಳೆಯುವುದು, ಪರದೆ ಕಟ್ಟುವುದು ಎಲ್ಲವನ್ನೂ ಎಂಟನೇ ತರಗತಿಯ ಹುಡುಗನೂ ಮಾಡಬಲ್ಲ. ಕೂಸು ಮಲಗಿದ ಒಂದು ಗಂಟೆ ಅದರ ಪಕ್ಕದಲ್ಲಿ ಕುಳಿತು ಕಾದರೆ, ಅಮ್ಮ ಆ ಒಂದು ಗಂಟೆ ಅಲೆಗಳಲ್ಲಿ ಕಾಲು ನೆನೆಸಿಕೊಂಡು ಬರಬಹುದು. ಎಷ್ಟೋ ತಿಂಗಳ ನಂತರ ಆಕೆಗೆ ಸಿಗುವ ಮೊದಲ ಬಿಡುವು ಅದಾಗಿರಲೂಬಹುದು.